ಬೈಕಿಗೆ ನೈಟ್ರಸ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಜಿನ್ನಿನ ಶಕ್ತಿಯನ್ನು ಕೆಲವು ಸೆಕೆಂಡು ಏರಿಸಲು ಬಾಟಲಿಯಿಂದ ಬಿಡುವ ನೈಟ್ರಸ್ ಆಕ್ಸೈಡ್ ಅನಿಲವೇ ಇಲ್ಲಿನ ‘ನೈಟ್ರಸ್’. ಈ ಪುಟದ ಲೆಕ್ಕಗಳಿಗೆಲ್ಲ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಆಧಾರ. 648 ಸಿಸಿ, ಎರಡು ಸಿಲಿಂಡರ್, 47 ಹೆಚ್‌ಪಿ, ಕಂಪ್ರೆಷನ್ ಬರೀ 9.5:1. ಕಂಪ್ರೆಷನ್ ಕಡಿಮೆ ಇರುವುದರಿಂದ ನೈಟ್ರಸ್ ಕಲಿಯಲು ಇದಕ್ಕಿಂತ ಸಹನೆಯ ಇಂಜಿನ್ ನಮ್ಮಲ್ಲಿ ಸಿಗುವುದು ಕಷ್ಟ. ನಿಮ್ಮ ಬೈಕು ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಲೆಕ್ಕ ಹಾಕುವ ದಾರಿ ಬದಲಾಗುವುದಿಲ್ಲ.

ನೈಟ್ರಸ್ ಅಂದರೆ ಪೆಟ್ರೋಲಿನ ಹಾಗೆ ಉರಿಯುವ ಗ್ಯಾಸಾ?

ಅಲ್ಲ. ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವುದಿಲ್ಲ, ಉರಿಸುತ್ತದೆ. ಸೌದೆ ಒಲೆಗೆ ಊದುಗೊಳವೆ ಇದ್ದ ಹಾಗೆ. ಗಾಳಿಯಲ್ಲಿ ತೂಕದ ಲೆಕ್ಕಕ್ಕೆ ಶೇ. 23ರಷ್ಟು ಆಮ್ಲಜನಕವಿದ್ದರೆ ನೈಟ್ರಸ್‌ನಲ್ಲಿ ಶೇ. 36ರಷ್ಟಿದೆ. ಸಿಲಿಂಡರಿನೊಳಗೆ ಸುಮಾರು 300 ಡಿಗ್ರಿ ದಾಟಿದಾಗ ಅದು ಒಡೆದು ಆಮ್ಲಜನಕ ಬಿಟ್ಟುಕೊಡುತ್ತದೆ, ಒಡೆಯುವಾಗ ತಾನೂ ಒಂದಿಷ್ಟು ಶಾಖ ಕೊಡುತ್ತದೆ. ಅದಕ್ಕೂ ಮೊದಲು, ದ್ರವವಾಗಿ ಬಂದದ್ದು ನಾಝಲ್ ತುದಿಯಲ್ಲಿ ಆವಿಯಾಗುವಾಗ ಒಳಹೋಗುವ ಗಾಳಿಯನ್ನು ಚೆನ್ನಾಗಿ ತಣಿಸುತ್ತದೆ (ಅದರ ಕುದಿಯುವ ಬಿಂದು ಮೈನಸ್ 88 ಡಿಗ್ರಿ). ತಣ್ಣನೆ ಗಾಳಿ ಅಂದರೆ ಒತ್ತಾದ ಗಾಳಿ, ಅದೂ ಲಾಭವೇ.

ಊದಿದ ಮಾತ್ರಕ್ಕೆ ಅಡುಗೆ ಆಗುವುದಿಲ್ಲ, ಸೌದೆಯೂ ಬೇಕು. ಹೆಚ್ಚುವರಿ ಪೆಟ್ರೋಲ್ ಸರಿಯಾದ ಅಳತೆಯಲ್ಲಿ, ಅದೇ ಕ್ಷಣದಲ್ಲಿ ಬರದಿದ್ದರೆ ಉರಿಯುವುದು ಪಿಸ್ಟನ್. ‘ನೈಟ್ರಸ್ ಹಾಕಿ ಇಂಜಿನ್ ಹೋಯಿತು’ ಎನ್ನುವ ಕತೆಗಳಲ್ಲಿ ಹೆಚ್ಚಿನವು ಪೆಟ್ರೋಲ್ ಸಾಲದೆ ಹೋದ ಕತೆಗಳೇ. ಹಾಗಾಗಿ ಈ ಪುಟದಲ್ಲಿ ಪೆಟ್ರೋಲಿನ ಮಾತೇ ಜಾಸ್ತಿ.

ರಸ್ತೆಯಲ್ಲಿ ಓಡುವ ಬೈಕಿಗೆ ಹಾಕಿದರೆ ಕಾನೂನು ಏನು ಹೇಳುತ್ತದೆ?

ಬೇಡ ಅನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. 182ಎ ಕಲಂನಡಿ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸಾರ್ವಜನಿಕ ರಸ್ತೆಯಲ್ಲಿ ರೇಸಿಗೆ 189ನೇ ಕಲಂ ಬೇರೆ ಇದೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ನೋಡುವುದೂ ಬಾಟಲಿಯನ್ನೇ.

ನಂಬರ್ ಪ್ಲೇಟ್ ಇರುವ ಬೈಕನ್ನೇ ಡ್ರ್ಯಾಗ್ ಸ್ಟ್ರಿಪ್ಪಿಗೆ (ನೇರ ಓಟದ ರೇಸ್ ಟ್ರ್ಯಾಕಿಗೆ) ಒಯ್ಯುವುದಾದರೆ ಬಾಟಲಿ, ನಾಝಲ್, ಸೊಲೆನಾಯ್ಡ್ (ಕರೆಂಟು ಕೊಟ್ಟಾಗ ತೆರೆಯುವ ವಾಲ್ವ್) ಬಿಚ್ಚಿಡುವಂತೆ ಕಿಟ್ ಕೂರಿಸಿ. ನಾಝಲ್ ತೂತುಗಳಿಗೆ ಪ್ಲಗ್ ಹಾಕಿ. ಸ್ಪರ್ಧೆಗೆ ಮುನ್ನ ಆ ಕೂಟದ ನಿಯಮ ಪುಸ್ತಕ ಓದಿ. ಎಲ್ಲ ವರ್ಗಗಳಲ್ಲೂ ನೈಟ್ರಸ್‌ಗೆ ಅವಕಾಶ ಇರುವುದಿಲ್ಲ.

ಎಷ್ಟು ಹೆಚ್‌ಪಿ ಹಾಕಬಹುದು?

ಕಂಪನಿಯ ಪಿಸ್ಟನ್, ಕಂಪನಿಯ ಕ್ಲಚ್ ಇಟ್ಟುಕೊಂಡು ಮೂಲ ಶಕ್ತಿಯ ಕಾಲು ಭಾಗ. 47ಕ್ಕೆ 12 ಸೇರಿಸಿ 59. ಹೆಚ್ಚು ಹಾಕಲು ಬರುವುದಿಲ್ಲವೆಂದಲ್ಲ, ಹಾಕಿದರೆ ಪಿಸ್ಟನ್ ರಿಂಗಿನ ಬಾಯಿ ಅಂತರ ಹೆಚ್ಚಿಸಬೇಕು, ಫೋರ್ಜ್ಡ್ ಪಿಸ್ಟನ್ ಬೇಕು, ಗಟ್ಟಿ ಕ್ಲಚ್ ಸ್ಪ್ರಿಂಗ್ ಬೇಕು. ಕಡಿಮೆ ಅಂತರದ ರಿಂಗು ಬಿಸಿಗೆ ಹಿಗ್ಗಿ ತುದಿಗೆ ತುದಿ ಮುಟ್ಟಿದರೆ ಪಿಸ್ಟನ್ನಿನ ಮೇಲಂಚನ್ನೇ ಕಿತ್ತುಕೊಂಡು ಬರುತ್ತದೆ.

12 ಹೆಚ್‌ಪಿ ಕೇಳಲು ಸಣ್ಣದು. ಆದರೆ ನೈಟ್ರಸ್ ಪ್ರತಿ ಸೆಕೆಂಡಿಗೆ ಇಷ್ಟೇ ಅಂತ ಹರಿಯುತ್ತದೆ, ಇಂಜಿನ್ ಎಷ್ಟು ಸುತ್ತುತ್ತಿದೆ ಎಂದು ಕೇಳುವುದಿಲ್ಲ. 4,000 ಆರ್‌ಪಿಎಂನಲ್ಲಿ ಪ್ರತಿ ಸ್ಟ್ರೋಕಿಗೆ ಬೀಳುವ ಪಾಲು 7,000ದಲ್ಲಿ ಬೀಳುವುದಕ್ಕಿಂತ ಬಹಳ ದೊಡ್ಡದು. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕು ಗುದ್ದಿದ ಹಾಗೆ ಬರುವುದಕ್ಕೂ, ಕನೆಕ್ಟಿಂಗ್ ರಾಡ್ ಬಾಗುವುದಕ್ಕೂ ಇದೇ ಕಾರಣ.

ಡ್ರೈ ಒಳ್ಳೆಯದಾ, ವೆಟ್ ಒಳ್ಳೆಯದಾ?

ಡ್ರೈ ಕಿಟ್ಟಿನಲ್ಲಿ ನೈಟ್ರಸ್ ಮಾತ್ರ ಹೋಗುತ್ತದೆ, ಹೆಚ್ಚುವರಿ ಪೆಟ್ರೋಲನ್ನು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಂಜೆಕ್ಟರ್ ಮೂಲಕ ಕೊಡಬೇಕು. ಇಸಿಯು ನಿಮ್ಮ ಹಿಡಿತದಲ್ಲಿ ಇದ್ದು, ‘ನೈಟ್ರಸ್ ಆನ್’ ಎಂಬ ಸಿಗ್ನಲ್ಲಿಗೆ ಬೇರೆ ಮ್ಯಾಪ್ (ಪೆಟ್ರೋಲ್, ಕಿಡಿಯ ಲೆಕ್ಕದ ಪಟ್ಟಿ) ಹಾಕಲು ಬಂದರೆ ಡ್ರೈ ಚೊಕ್ಕ. ಕಂಪನಿ ಇಸಿಯು ಹಾಗೇ ಇದ್ದರೆ ವೆಟ್ ಹಾಕಿ. ಇದರಲ್ಲಿ ಎರಡು ಸೊಲೆನಾಯ್ಡ್, ಒಂದು ನೈಟ್ರಸ್‌ಗೆ ಒಂದು ಪೆಟ್ರೋಲಿಗೆ. ಎರಡೂ ಒಂದೇ ನಾಝಲ್ಲಿನಲ್ಲಿ ಸೇರಿ ಮಂಜಿನ ಹಾಗೆ ಸಿಡಿಯುತ್ತವೆ. ಮುಂದಿನದೆಲ್ಲ ವೆಟ್ ಕಿಟ್ಟಿನ ಮಾತು.

ಏನೇನು ಸಾಮಾನು ಬೇಕು?

ಸುಮಾರು 900 ಗ್ರಾಂ ಹಿಡಿಯುವ ಬಾಟಲಿ, ವಾಲ್ವ್, ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿಮೀರಿದರೆ ಒಡೆದು ಗ್ಯಾಸ್ ಹೊರಬಿಡುವ ಬಿಲ್ಲೆ). ಸ್ಟೀಲ್ ಹೆಣಿಗೆಯ ಟೆಫ್ಲಾನ್ ಹೋಸ್. ಬಾಟಲಿಗೂ ಸೊಲೆನಾಯ್ಡಿಗೂ ನಡುವೆ ಫಿಲ್ಟರ್, ಇದನ್ನು ಮರೆಯುವವರೇ ಜಾಸ್ತಿ. ಎರಡು ಸೊಲೆನಾಯ್ಡ್, ಎರಡು ಫಾಗರ್ ನಾಝಲ್ (ಎರಡನ್ನೂ ಬೆರೆಸಿ ಮಂಜಿನಂತೆ ಸಿಡಿಸುವಂಥದ್ದು), ಜೆಟ್ಟುಗಳು (ಹರಿವನ್ನು ಅಳತೆಗೆ ತರುವ ಸಣ್ಣ ತೂತಿನ ಬಿಲ್ಲೆಗಳು). 30 ಆಂಪಿಯರ್ ರಿಲೇ, 20 ಆಂಪಿಯರ್ ಫ್ಯೂಸ್, ಆರ್ಮಿಂಗ್ ಸ್ವಿಚ್ (ಇಡೀ ಕಿಟ್ಟನ್ನು ಸಿದ್ಧಗೊಳಿಸುವ ಮುಖ್ಯ ಸ್ವಿಚ್), ಥ್ರಾಟಲ್ ಪೂರ್ತಿ ತೆರೆದಾಗ ಒತ್ತುವ ಮೈಕ್ರೋ ಸ್ವಿಚ್, ಆರ್‌ಪಿಎಂ ವಿಂಡೋ ಸ್ವಿಚ್ (ಗೊತ್ತುಮಾಡಿದ ಎರಡು ಆರ್‌ಪಿಎಂಗಳ ನಡುವೆ ಮಾತ್ರ ಆನ್ ಇರುವಂಥದ್ದು), ಪೆಟ್ರೋಲ್ ಪ್ರೆಷರ್ ಸ್ವಿಚ್ (ಪೆಟ್ರೋಲ್ ಒತ್ತಡ ಬಿದ್ದರೆ ಕಡಿಯುವಂಥದ್ದು), ಬಾಟಲಿ ಪ್ರೆಷರ್ ಗೇಜ್. ಜತೆಗೆ 1 ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಮತ್ತು 20 ಮಿಲಿಯ ಎರಡು ಸಿರಿಂಜ್. ಈ ಎರಡರ ಬೆಲೆ ಕಿಟ್ಟಿನ ಬೆಲೆಯ ಮುಂದೆ ಏನೂ ಅಲ್ಲ, ಇಂಜಿನ್ ಉಳಿಸುವುದು ಇವೇ.

ನಾಝಲ್ ಎಲ್ಲಿ ಕೂರಿಸಬೇಕು?

ಏರ್‌ಬಾಕ್ಸಿನಲ್ಲಿ ಒಂದೇ ನಾಝಲ್ ಇಟ್ಟು ಕೈತೊಳೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಪೆಟ್ರೋಲ್ ಏರ್‌ಬಾಕ್ಸಿನ ತಳದಲ್ಲಿ ಕೆರೆ ಕಟ್ಟುತ್ತದೆ, ಒಂದು ಸಿಲಿಂಡರಿಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ, ಒಮ್ಮೆ ಬ್ಯಾಕ್‌ಫೈರ್ ಆದರೆ ಏರ್‌ಬಾಕ್ಸೇ ಹಾರುತ್ತದೆ. ಎರಡು ಸಿಲಿಂಡರಿಗೆ ಎರಡು ನಾಝಲ್, ಥ್ರಾಟಲ್ ಬಾಡಿಗೂ ಹೆಡ್ಡಿಗೂ ನಡುವೆ.

ಅಲ್ಲಿ ಇರುವುದು ರಬ್ಬರ್ ಮ್ಯಾನಿಫೋಲ್ಡ್ ಆದರೆ ರಬ್ಬರಿಗೆ ತೂತು ಕೊರೆದು ನಟ್ಟು ಬಿಗಿಯಬೇಡಿ. ಲೇತಿನಲ್ಲಿ ಅಲ್ಯುಮಿನಿಯಂ ಸ್ಪೇಸರ್ ಮಾಡಿಸಿ, ಅದಕ್ಕೆ 1/8 ಎನ್‌ಪಿಟಿ ಆಟೆ (ತುದಿಗೆ ಕಿರಿದಾಗುವ ಪೈಪಿನ ತಿರುಪು) ಹೊಡೆಸಿ, ಡ್ರಿಲ್ 8.5 ಮಿಮೀ. ಭಾಗವನ್ನು ಬಿಚ್ಚಿ ಹೊರಗೆ ತೆಗೆದೇ ಕೊರೆಯಬೇಕು. ‘ಗ್ರೀಸ್ ಹಚ್ಚಿದ ಡ್ರಿಲ್ಲಿಗೆ ಪುಡಿ ಅಂಟಿಕೊಳ್ಳುತ್ತೆ’ ಎಂದು ಬೈಕಿನ ಮೇಲೇ ಕೊರೆಯುವ ಜಾಣತನಕ್ಕೆ ವಾಲ್ವ್ ಸೀಟು ಬೆಲೆ ಕಟ್ಟುತ್ತದೆ. ನಾಝಲ್ ಬಾಯಿ ಹೆಡ್ಡಿನ ಕಡೆಗೆ, ಗಾಳಿ ಹೋಗುವ ದಿಕ್ಕಿಗೇ ನೋಡಬೇಕು. ಹಂಚುವ ಬ್ಲಾಕಿನಿಂದ ಎರಡೂ ನಾಝಲ್ಲಿಗೆ ಪೈಪಿನ ಉದ್ದ ಒಂದೇ ಇರಲಿ.

ಆಟೆಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಬಿಗಿಯುವಾಗ ಕತ್ತರಿಸಿದ ಒಂದು ಎಳೆ ಸಾಕು, ಜೆಟ್ಟಿನ ಬಾಯಿ ಮುಚ್ಚುತ್ತದೆ. ಎನ್‌ಪಿಟಿ ಆಟೆಗೆ ದ್ರವ ಸೀಲರ್, ಅದೂ ಮೊದಲ ಎರಡು ಸುತ್ತು ಬಿಟ್ಟು. ಹೋಸಿನ ತುದಿಯಲ್ಲಿರುವ ಕೋನದ ಎಎನ್ ಮಾದರಿ ಜೋಡಣೆಗೆ ಏನೂ ಬೇಡ, ಲೋಹಕ್ಕೆ ಲೋಹ ಕೂರುತ್ತದೆ. ಬಾಟಲಿ ಕಡೆಯ ಯಾವ ಜೋಡಣೆಗೂ ಎಣ್ಣೆ, ಗ್ರೀಸ್ ಮುಟ್ಟಿಸಬಾರದು. ಒತ್ತಡದ ನೈಟ್ರಸ್ ಎಣ್ಣೆಯ ಜತೆ ಸೇರಿದರೆ ಕಿಡಿಯೇ ಬೇಕೆಂದಿಲ್ಲ.

ಹೆಚ್ಚುವರಿ ಪೆಟ್ರೋಲನ್ನು ಬೈಕಿನ ಪಂಪ್ ಲೈನಿನಿಂದಲೇ ತೆಗೆಯಬಹುದಾ?

ತೆಗೆಯಬಹುದು, ಸಣ್ಣ ಕಿಟ್ಟಿಗೆ ಅದು ತಲೆನೋವು. ಇಂಜೆಕ್ಷನ್ ಪಂಪಿನ ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸು. 12 ಹೆಚ್‌ಪಿಗೆ ಬೇಕಾದ ಪೆಟ್ರೋಲ್ ಸೆಕೆಂಡಿಗೆ ಸುಮಾರು 1 ಮಿಲಿ. 3 ಬಾರಿನಲ್ಲಿ ಅಷ್ಟು ಬಿಡಲು ಎರಡೂ ನಾಝಲ್ ಸೇರಿ ಒಟ್ಟು ಬೇಕಾದ ತೂತು ಕಾಲು ಮಿಲಿಮೀಟರಿನದು! ಎರಡಾಗಿ ಹಂಚಿದರೆ ಕೂದಲೆಳೆಯ ಹತ್ತಿರಕ್ಕೆ ಬರುತ್ತದೆ. ಕಣ್ಣಿಗೆ ಕಾಣದ ಕಸ ಒಂದು ಸಿಕ್ಕಿದರೆ ಆ ಸಿಲಿಂಡರ್ ಲೀನ್, ಅಂದರೆ ಪೆಟ್ರೋಲ್ ಸಾಲದು.

ಹಾಗಾಗಿ ಅರ್ಧ ಲೀಟರಿನ ಬೇರೆ ಟ್ಯಾಂಕು, 0.35 ಬಾರ್ ಕೊಡುವ ಕಾರ್ಬ್ಯುರೇಟರ್ ಮಾದರಿಯ ಪಂಪು, ರೆಗ್ಯುಲೇಟರ್ ಇಡುವುದು ಮೇಲು. ಆಗ ಪ್ರತಿ ನಾಝಲ್ಲಿಗೆ ಸುಮಾರು 0.3 ಮಿಮೀ ಜೆಟ್ ಬರುತ್ತದೆ. ಇದೂ ಸಣ್ಣದೇ, ಟ್ಯಾಂಕಿನಿಂದ ಹೊರಟ ಕೂಡಲೇ ನಯವಾದ ಫಿಲ್ಟರ್ ಇರಬೇಕು. ಇನ್ನೊಂದು ಅನುಕೂಲ: ಆ ಪುಟ್ಟ ಟ್ಯಾಂಕಿಗೆ ಮಾತ್ರ 100 ಆಕ್ಟೇನ್ ಪೆಟ್ರೋಲ್ ಹಾಕಿಕೊಳ್ಳಬಹುದು.

ಜೆಟ್ ಸರಿಯಿದೆ ಎಂದು ಓಡಿಸುವ ಮೊದಲೇ ತಿಳಿಯುವುದು ಹೇಗೆ?

ತೂಗಿ, ಅಳೆದು. ಕಿಟ್ಟಿನ ಜತೆ ಬರುವ ಚಾರ್ಟ್ ಆರಂಭಕ್ಕೆ ಮಾತ್ರ.

ಲೆಕ್ಕ ಹೀಗೆ: 100 ಹೆಚ್‌ಪಿಗೆ 10 ಸೆಕೆಂಡಿನಲ್ಲಿ ಸುಮಾರು 360 ಗ್ರಾಂ ನೈಟ್ರಸ್ ಬೇಕು. 12 ಹೆಚ್‌ಪಿಗೆ 10 ಸೆಕೆಂಡಿಗೆ 43-44 ಗ್ರಾಂ. ಪೆಟ್ರೋಲನ್ನು ಪೂರ್ತಿ ಉರಿಸಲು ಬೇಕಾದ ನೈಟ್ರಸ್ ತೂಕದಲ್ಲಿ 9.6 ಪಾಲು, ಆದರೆ ಆ ಅಂಚಿನಲ್ಲಿ ನಿಲ್ಲುವವರು ಯಾರೂ ಇಲ್ಲ. 6ಕ್ಕೆ 1ರಿಂದ ಶುರು ಮಾಡಿ. 44 ಗ್ರಾಂ ನೈಟ್ರಸ್‌ಗೆ 7.3 ಗ್ರಾಂ ಪೆಟ್ರೋಲ್, ಅಂದರೆ 10 ಮಿಲಿ. ನೆನಪಿಡಲು ಸುಲಭ: ಹತ್ತು ಸೆಕೆಂಡು, ಹತ್ತು ಮಿಲಿ, ನಾಝಲ್ಲಿಗೆ ಐದೈದು.

ಪೆಟ್ರೋಲ್ ಪರೀಕ್ಷೆ: ನಾಝಲ್ ಬಿಚ್ಚಿ, ಹಿಂದಿನ ಪಿಸ್ಟನ್ ತೆಗೆದ ಸಿರಿಂಜಿನ ಬಾಯಿಗೆ ಹಿಡಿಯಿರಿ, ಸಿರಿಂಜಿನ ತುದಿ ಮುಚ್ಚಿರಲಿ. ಬಾಟಲಿ ವಾಲ್ವ್ ಮುಚ್ಚಿರಬೇಕು. ಪಂಪ್ ಆನ್ ಮಾಡಿ ಪೆಟ್ರೋಲ್ ಸೊಲೆನಾಯ್ಡಿಗೆ ಮಾತ್ರ 10 ಸೆಕೆಂಡು ಕರೆಂಟು ಕೊಡಿ. ಎರಡರಲ್ಲೂ 5 ಮಿಲಿ ನಿಲ್ಲಬೇಕು. ಒಂದರಲ್ಲಿ 5.2, ಇನ್ನೊಂದರಲ್ಲಿ 4.3 ಬಂದರೆ ಜೆಟ್ಟು ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಕೊರತೆ ಜೆಟ್ಟಿನ ಜತೆ ಹೋದರೆ ಜೆಟ್ ಕೆಟ್ಟದ್ದು, ಅಲ್ಲೇ ಉಳಿದರೆ ಪೈಪಿನಲ್ಲಿ ಕಸ. ಗೇಜ್ ನೋಡುವುದೂ ಸೊಲೆನಾಯ್ಡ್ ತೆರೆದಿರುವಾಗಲೇ. ಮುಚ್ಚಿರುವಾಗ ತೋರಿಸುವ 0.35 ಬಾರ್ ಹರಿಯುವಾಗ 0.25ಕ್ಕೆ ಇಳಿಯುವ ಪಂಪುಗಳು ಬೇಕಾದಷ್ಟಿವೆ.

ನೈಟ್ರಸ್ ಪರೀಕ್ಷೆ: ಬಯಲಿನಲ್ಲಿ, ನಾಝಲ್ಲುಗಳನ್ನು ಮ್ಯಾನಿಫೋಲ್ಡಿನಿಂದ ಹೊರಗೆ ತೆಗೆದು, ಯಾರ ಕಡೆಗೂ ತೋರಿಸದೆ. ಬಾಟಲಿ ತೂಗಿ, 10 ಸೆಕೆಂಡು ಬಿಟ್ಟು, ಮತ್ತೆ ತೂಗಿ. ಲೈನಿನಲ್ಲಿ ಉಳಿದದ್ದು ಲೆಕ್ಕ ಕೆಡಿಸದಿರಲು ಎರಡು ಬಾರಿ ಮಾಡಿ ಎರಡನೆಯದನ್ನು ಹಿಡಿಯಿರಿ. ಕೈಗವಸು, ಕನ್ನಡಕ ಕಡ್ಡಾಯ. ಆ ಚಳಿ ಚರ್ಮ ಸುಡುತ್ತದೆ. ನಾಝಲ್ ಇಂಜಿನ್ನಿನೊಳಗೆ ಇರುವಾಗ, ಇಂಜಿನ್ ಆಫ್ ಇರುವಾಗ ಎಂದಿಗೂ ಸೊಲೆನಾಯ್ಡ್ ತೆರೆಯಬಾರದು.

ಈಗ ಬಂಕುಗಳಲ್ಲಿ ಸಿಗುವ ಇ20 ಹಾಕುವುದಾದರೆ 10ರ ಬದಲು 11 ಮಿಲಿ. ಎಥನಾಲ್ ಇರುವ ಪೆಟ್ರೋಲಿಗೆ ಗಾಳಿ ಕಡಿಮೆ ಸಾಕು, ಅಂದರೆ ಅದೇ ನೈಟ್ರಸ್‌ಗೆ ಪೆಟ್ರೋಲ್ ಹೆಚ್ಚು ಬೇಕು. ಸೊಲೆನಾಯ್ಡಿನ ಸೀಲು ವೈಟಾನ್ ಇರಲಿ, ಸಾದಾ ರಬ್ಬರ್ ಉಬ್ಬಿ ಕಚ್ಚಿಕೊಳ್ಳುತ್ತದೆ.

ವೈರಿಂಗ್ ಹೇಗೆ?

ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್, ಅಲ್ಲಿಂದ ರಿಲೇಯ 30. ರಿಲೇಯ 87ರಿಂದ ಎರಡೂ ಸೊಲೆನಾಯ್ಡಿಗೆ ಒಟ್ಟಿಗೇ. 86ಕ್ಕೆ ಕಿಲ್ ಸ್ವಿಚ್ ದಾಟಿ ಬರುವ 12 ವೋಲ್ಟ್, ನಡುವೆ ಆರ್ಮಿಂಗ್ ಸ್ವಿಚ್. 85ರಿಂದ ಅರ್ಥಿಂಗಿಗೆ ಹೋಗುವ ದಾರಿಯಲ್ಲಿ ಥ್ರಾಟಲ್ ಮೈಕ್ರೋ ಸ್ವಿಚ್, ಪೆಟ್ರೋಲ್ ಪ್ರೆಷರ್ ಸ್ವಿಚ್, ವಿಂಡೋ ಸ್ವಿಚ್ ಒಂದರ ಹಿಂದೆ ಒಂದು ಸಾಲಾಗಿ. ಒಬ್ಬ ಒಪ್ಪದಿದ್ದರೂ ರಿಲೇ ಎಳೆಯಬಾರದು, ಅದೇ ಉದ್ದೇಶ. ವಿಂಡೋ ಸ್ವಿಚ್ ಕೊಡುವುದು ಅರ್ಥಿಂಗೋ 12 ವೋಲ್ಟೋ ಎಂದು ಅದರ ಕಾಗದ ನೋಡಿ. ಅರ್ಥಿಂಗ್ ಕೊಡುವುದಾದರೆ ಅದನ್ನು ಸಾಲಿನ ಕೊನೆಗೆ ಹಾಕಿ.

ಪರೀಕ್ಷೆಗೆ ಬಾಟಲಿ ಮುಚ್ಚಿ, ಪಂಪಿನ ಫ್ಯೂಸ್ ಎಳೆದು, ಪ್ರೆಷರ್ ಸ್ವಿಚ್ ಮತ್ತು ವಿಂಡೋ ಸ್ವಿಚ್ ಎರಡನ್ನೂ ದಾಟುವಂತೆ ತಾತ್ಕಾಲಿಕವಾಗಿ ತಂತಿ ಜೋಡಿಸಿ ಥ್ರಾಟಲ್ ತಿರುಗಿಸಿ. ಕೊನೆಯ ಎಳೆಯಲ್ಲಿ ‘ಟಕ್’ ಎಂದು ಎರಡೂ ಒಟ್ಟಿಗೆ ಕೇಳಬೇಕು. ಆಮೇಲೆ ಆ ತಾತ್ಕಾಲಿಕ ತಂತಿ ತೆಗೆಯಲು ಮರೆಯಬೇಡಿ, ಮರೆತವರಿದ್ದಾರೆ.

ಎಷ್ಟು ಆರ್‌ಪಿಎಂಗೆ ಆನ್, ಎಷ್ಟಕ್ಕೆ ಆಫ್?

650ಕ್ಕೆ 4,000ಕ್ಕೆ ಆನ್. ಕೆಳಗೆ ಹೊತ್ತಿಸಿದರೆ ಗಾಳಿಯ ವೇಗ ಸಾಲದೆ ಪೆಟ್ರೋಲ್ ಮ್ಯಾನಿಫೋಲ್ಡಿನಲ್ಲೇ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಹೊತ್ತುತ್ತದೆ. ಆಫ್ ಆಗುವುದು ರೆವ್ ಲಿಮಿಟರಿಗಿಂತ 400-500 ಮೊದಲು. ಲಿಮಿಟರ್ ತಗುಲಿದಾಗ ಇಸಿಯು ಇಂಜೆಕ್ಟರ್ ನಿಲ್ಲಿಸುತ್ತದೆ, ನಿಮ್ಮ ನೈಟ್ರಸ್ ನಿಲ್ಲುವುದಿಲ್ಲ. ಆ ಅರ್ಧ ಸೆಕೆಂಡಿನ ಲೀನ್ ಉರಿಗೆ ಪಿಸ್ಟನ್ನಿನ ತಲೆಯಲ್ಲಿ ತೂತು ಬಿದ್ದದ್ದು ಬಿಚ್ಚಿದಾಗಲೇ ಗೊತ್ತಾಗುವುದು. ಗೇರ್ ಬದಲಿಸುವಾಗ ಥ್ರಾಟಲ್ ಬಿಡಿ. ಮೈಕ್ರೋ ಸ್ವಿಚ್ ತಾನೇ ಕಡಿಯುತ್ತದೆ.

ಟೈಮಿಂಗ್, ಪ್ಲಗ್ ಬದಲಿಸಬೇಕಾ?

ಹೌದು. ನೈಟ್ರಸ್ ಇದ್ದರೆ ಉರಿ ಬೇಗ ಹರಡುತ್ತದೆ, ಕಿಡಿ ತಡವಾಗಿ ಬರಬೇಕು. ಶೇ. 25ರ ಹೆಚ್ಚಳಕ್ಕೆ 2 ಡಿಗ್ರಿ ಹಿಂದಕ್ಕೆ ತಂದು ಶುರು ಮಾಡಿ. ಕಂಪನಿ ಇಸಿಯುಗೆ ಹೊರಗಿನಿಂದ ಜೋಡಿಸಿ ಪೆಟ್ರೋಲ್ ಮಾತ್ರ ತಿದ್ದುವ ಪಿಗ್ಗಿಬ್ಯಾಕ್ ಪೆಟ್ಟಿಗೆಗಳಿಂದ ಇದು ಆಗದು, ಇಗ್ನಿಷನ್ ಮುಟ್ಟುವಂಥದ್ದೇ ಬೇಕು. ಪ್ಲಗ್ ಒಂದು ದರ್ಜೆ ತಣ್ಣನೆಯದು, ಅಂದರೆ ತುದಿಯ ಶಾಖವನ್ನು ಬೇಗ ಸಾಗಿಸುವಂಥದ್ದು. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಂತೆ ತಣ್ಣಗೆ, ಬಾಷ್‌ನಲ್ಲಿ ಇಳಿದಂತೆ ತಣ್ಣಗೆ. ಗ್ಯಾಪ್ 0.6ರಿಂದ 0.7 ಮಿಮೀ. ಇರಿಡಿಯಂನ ಸೂಜಿ ತುದಿ ಬೇಡ, ಸಾದಾ ನಿಕ್ಕಲ್ ಸಾಕು, ಓದಲೂ ಸುಲಭ.

ಬಾಟಲಿಯನ್ನು ಹೇಗೆ ಇಡಬೇಕು? ನಮ್ಮ ಬಿಸಿಲಿಗೆ ಏನೂ ಆಗಲ್ಲವಾ?

ಒಳಗಿನ ಹೀರುಕೊಳವೆ ಬಾಟಲಿಯ ತಳದ ಕಡೆಗೆ ಬಾಗಿರುತ್ತದೆ. ಬೈಕು ಮುಂದಕ್ಕೆ ಹಾರಿದಾಗ ದ್ರವ ಹಿಂದಕ್ಕೆ ಓಡುತ್ತದೆ, ಹಾಗಾಗಿ ವಾಲ್ವ್ ಮುಂದೆ, ತಳ ಹಿಂದೆ, ವಾಲ್ವ್ ಸ್ವಲ್ಪ ಎತ್ತರ, ಲೇಬಲ್ ಮೇಲೆ. ಉಲ್ಟಾ ಇಟ್ಟರೆ ದ್ರವದ ಬದಲು ಆವಿ ಬರುತ್ತದೆ, ಬೈಕು ತೇಕುತ್ತದೆ, ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಬರ್ಸ್ಟ್ ಡಿಸ್ಕಿನ ಬಾಯಿ ಸವಾರನಿಂದಲೂ ಸೈಲೆನ್ಸರಿನಿಂದಲೂ ದೂರ.

ಬಿಸಿಲಿನ ವಿಷಯ ಗಂಭೀರ. ನೈಟ್ರಸ್ 36.4 ಡಿಗ್ರಿಯವರೆಗೆ ಮಾತ್ರ ದ್ರವವಾಗಿ ಇರಬಲ್ಲದು. ಅದರಾಚೆಗೆ ದ್ರವ, ಆವಿ ಎಂಬ ಭೇದವೇ ಇಲ್ಲ. 20 ಡಿಗ್ರಿಯಲ್ಲಿ ಬಾಟಲಿಯೊಳಗೆ ಸುಮಾರು 50 ಬಾರ್, 30ರಲ್ಲಿ 63, 36.4ರಲ್ಲಿ 72. ಕಿಟ್ ಚಾರ್ಟುಗಳೆಲ್ಲ ಬರೆದಿರುವುದು 62-65 ಬಾರಿಗೆ, ಅಂದರೆ 30 ಡಿಗ್ರಿಗೆ. ವಿದೇಶಿ ಕಿಟ್ಟುಗಳಲ್ಲಿ ಬಾಟಲಿ ಬಿಸಿ ಮಾಡುವ ಪಟ್ಟಿ ಕೊಡುತ್ತಾರೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ನಮಗೆ ಬೇಕಾಗುವುದು ಒದ್ದೆ ಗೋಣಿಚೀಲ. ಡಿಸೆಂಬರಿನ ಬೆಂಗಳೂರು ಬೆಳಗಿನಲ್ಲಿ 16 ಡಿಗ್ರಿ ಇದ್ದರೆ ಒತ್ತಡ 46 ಬಾರಿಗೆ ಕುಸಿದು ನೈಟ್ರಸ್ ಕಡಿಮೆ ಬಂದು ಬೈಕು ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಉಗುರುಬೆಚ್ಚಗಿನ ನೀರಿನ ಬಕೆಟ್ ಸಾಕು. ಬ್ಲೋ ಟಾರ್ಚ್ ಹಿಡಿದವರ ಹತ್ತಿರ ನಿಲ್ಲಬೇಡಿ.

ಎಲ್ಲಿ ತುಂಬಿಸುವುದು?

ಪರವಾನಗಿ ಇರುವ ಗ್ಯಾಸ್ ಡೀಲರ್ ಬಳಿ, ತೂಕದ ಲೆಕ್ಕದಲ್ಲಿ. ಗ್ಯಾಸ್ ಸಿಲಿಂಡರ್ ನಿಯಮಗಳು 2016ರ ಪ್ರಕಾರ ಪರವಾನಗಿ ಇಲ್ಲದೆ ಸಿಲಿಂಡರ್ ತುಂಬುವಂತಿಲ್ಲ, ಹೊರದೇಶದಿಂದ ತಂದ ಬಾಟಲಿಗೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಒಪ್ಪಿಗೆ ಬೇಕು. ಆಸ್ಪತ್ರೆಯ ಸಿಲಿಂಡರಿನಿಂದ ಮನೆಯಲ್ಲಿ ಸುರಿದುಕೊಳ್ಳುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಅಪಾಯ: ಅಂದಾಜಿನಲ್ಲಿ ಕಂಠಮಟ್ಟ ತುಂಬಿದ ಬಾಟಲಿಯಲ್ಲಿ ಬಿಸಿಲಿಗೆ ದ್ರವ ಹಿಗ್ಗಲು ಜಾಗವೇ ಇರುವುದಿಲ್ಲ.

900 ಗ್ರಾಂ ಬಾಟಲಿಯಲ್ಲಿ ಒತ್ತಡ ಬೀಳುವ ಮೊದಲು ಬಳಕೆಗೆ ಸಿಗುವುದು ಮೂರರಲ್ಲಿ ಎರಡು ಪಾಲು. 12 ಹೆಚ್‌ಪಿಗೆ ಅದು ಸುಮಾರು 135 ಸೆಕೆಂಡು, ಆರು ಸೆಕೆಂಡಿನಂತೆ ಇಪ್ಪತ್ತಕ್ಕೂ ಹೆಚ್ಚು ಓಟ.

ಮೊದಲ ಓಟದಲ್ಲಿ ಏನು ನೋಡಬೇಕು?

ಹೊಸ ಪ್ಲಗ್, ಮೂರನೇ ಗೇರ್, ಮೂರೇ ಸೆಕೆಂಡು. ನೈಟ್ರಸ್ ಆನ್ ಇರುವಾಗಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ, ಉರುಳಿಕೊಂಡು ನಿಲ್ಲಿಸಿ. ಬಾಟಲಿ ಮುಚ್ಚಿ. ಎರಡೂ ಪ್ಲಗ್ ಬಿಚ್ಚಿ, ಯಾವುದು ಎಡ ಯಾವುದು ಬಲ ಎಂದು ಗುರುತು ಮಾಡಿ, ಭೂತಗನ್ನಡಿ ಹಿಡಿಯಿರಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳಿದ್ದರೆ ಡೆಟೊನೇಷನ್, ಅಂದರೆ ಪೆಟ್ರೋಲ್ ಹದವಾಗಿ ಉರಿಯದೆ ಸಿಡಿಯುತ್ತಿದೆ. ಬೆಳ್ಳಿ ಬಣ್ಣದ ಸಣ್ಣ ಮಣಿಗಳಿದ್ದರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ, ಅಲ್ಲಿಗೆ ನಿಲ್ಲಿಸಿ. ಪ್ಲಗ್ ತುದಿಯ ಬಾಗಿದ ಲೋಹದ ಪಟ್ಟಿ ಬುಡದವರೆಗೂ ನೀಲಿಗಟ್ಟಿದ್ದರೆ ಕಿಡಿ ಇನ್ನೂ ಬೇಗ ಬರುತ್ತಿದೆ. ಮಸಿ ಹಿಡಿದಿದ್ದರೆ ರಿಚ್, ಸದ್ಯಕ್ಕೆ ಅದೇ ಕ್ಷೇಮ. ಪೆಟ್ರೋಲ್ ಜೆಟ್ ಒಂದೊಂದೇ ಅಂಕಿ ಇಳಿಸುತ್ತ ಬನ್ನಿ.

ಪರ್ಜ್ ಕಿಟ್ ಬೇಕಾ?

ಓಟಕ್ಕೆ ಮುಂಚೆ ಹೋಸಿನಲ್ಲಿರುವ ಆವಿಯನ್ನು ಹೊರಗೆ ಬಿಡುವ ಸಾಧನ ಅದು. ಬಾಟಲಿಯಿಂದ ಸೊಲೆನಾಯ್ಡಿಗೆ ಒಂದು ಮೀಟರ್ ಹೋಸ್ ಇದ್ದರೆ ಬೇಡ. ಬಿಳಿ ಹೊಗೆ ಚಿಮ್ಮಿಸುವ ಶೋಕಿಗೆ ಹಾಕಿಸುವುದಾದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ; ಆ ಹಣದಲ್ಲಿ ವಿಂಡೋ ಸ್ವಿಚ್ ಬರುತ್ತದೆ.

ಆರ್‌ಎಕ್ಸ್ 100ಕ್ಕೆ, ಡ್ಯೂಕ್ 390ಕ್ಕೆ?

ಡ್ಯೂಕ್‌ನ ಕಂಪ್ರೆಷನ್ 12.5ಕ್ಕೂ ಮೇಲೆ. ಒಂದೇ ಪಿಸ್ಟನ್, ಅದೂ ಹಗುರ. 8 ಹೆಚ್‌ಪಿ ದಾಟಬೇಡಿ, 100 ಆಕ್ಟೇನ್ ಇಲ್ಲದೆ ಆನ್ ಮಾಡಬೇಡಿ. ಆರ್‌ಎಕ್ಸ್ ಟೂ ಸ್ಟ್ರೋಕ್. ಹೆಚ್ಚುವರಿ ಪೆಟ್ರೋಲಿನಲ್ಲೂ ಎಣ್ಣೆ ಬೆರೆಸಬೇಕು, ಇಲ್ಲವಾದರೆ ಸೀಜ್. 11 ಹೆಚ್‌ಪಿಗೆ ಎರಡೂವರೆ ಸೇರಿಸಲು ಇಷ್ಟೆಲ್ಲ ಮಾಡುವ ಬದಲು ಎಕ್ಸ್‌ಪಾನ್ಷನ್ ಚೇಂಬರ್ (ಟೂ ಸ್ಟ್ರೋಕಿನ ಶಕ್ತಿ ಏರಿಸುವ ಹೊಟ್ಟೆಯುಬ್ಬಿದ ಸೈಲೆನ್ಸರ್) ಹಾಕಿಸಿ.

ಕೇಕ್ ಅಂಗಡಿಯ 8 ಗ್ರಾಂ ಕ್ರೀಮ್ ಕಾರ್ಟ್ರಿಡ್ಜ್ ಬಳಸಬಹುದಾ?

12 ಹೆಚ್‌ಪಿಗೆ ಎರಡು ಸೆಕೆಂಡೂ ಬಾರದು.

ವಾಸನೆ ನೋಡಿದರೆ ಏನಾಗುತ್ತದೆ?

ಮುಚ್ಚಿದ ಗ್ಯಾರೇಜಿನಲ್ಲಿ ಸೋರಿದರೆ ಆಮ್ಲಜನಕ ಸಾಲದೆ ಸದ್ದಿಲ್ಲದೆ ಬೀಳುತ್ತೀರಿ. ಮೋಜಿಗೆ ಪದೇ ಪದೇ ಸೇದಿದರೆ ಮೈಯ ಬಿ12 ಕೆಲಸ ಮಾಡದಂತಾಗಿ ನರ ಕೆಡುತ್ತದೆ. ವಾಹನಕ್ಕೆಂದೇ ಮಾರುವ ನೈಟ್ರಸ್‌ಗೆ ಕೆಲವೆಡೆ ಗಂಧಕದ ಡೈ ಆಕ್ಸೈಡ್ ಬೆರೆಸುವುದು ಯಾರೂ ಸೇದದಿರಲಿ ಎಂದೇ.

ಸೊಲೆನಾಯ್ಡ್ ತೆರೆದೇ ಉಳಿದರೆ?

ಕಸ ಸಿಕ್ಕಿ ಹೀಗಾಗುತ್ತದೆ. ಓಡುತ್ತಿರುವಾಗ ಥ್ರಾಟಲ್ ಬಿಟ್ಟರೂ ಬೈಕು ಎಳೆಯುತ್ತಿದ್ದರೆ ಕ್ಲಚ್, ಕಿಲ್ ಸ್ವಿಚ್, ನಿಲ್ಲಿಸಿ, ಬಾಟಲಿ ವಾಲ್ವ್ ಕೈಯಿಂದ ಮುಚ್ಚಿ. ಕಿಲ್ ಸ್ವಿಚ್ ಇಂಜಿನ್ ನಿಲ್ಲಿಸುತ್ತದೆಯೇ ಹೊರತು ಕಚ್ಚಿಕೊಂಡ ಸೊಲೆನಾಯ್ಡನ್ನಲ್ಲ. ಇನ್ನೂ ಕಳ್ಳತನದ ಸೋರಿಕೆ ನಿಂತ ಬೈಕಿನಲ್ಲಿ ಆಗುವುದು: ರಾತ್ರಿಯಿಡೀ ಮ್ಯಾನಿಫೋಲ್ಡ್ ತುಂಬಿಕೊಂಡು ಬೆಳಿಗ್ಗೆ ಸೆಲ್ಫ್ ಒತ್ತಿದಾಗ ಸಿಡಿಯುತ್ತದೆ. ಆದ್ದರಿಂದ ಪ್ರತಿ ಓಟದ ನಂತರ ವಾಲ್ವ್ ಮುಚ್ಚಿ ಲೈನ್ ಖಾಲಿ ಮಾಡುವುದು ಅಭ್ಯಾಸವಾಗಬೇಕು. ಅನುಮಾನ ಬಂದರೆ ಎರಡೂ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಎಳೆದು, ಥ್ರಾಟಲ್ ಪೂರ್ತಿ ತೆರೆದು ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ. ಆಮೇಲೆ ಸೊಲೆನಾಯ್ಡ್ ಬಿಚ್ಚಿ ಅದರ ಸೀಲನ್ನು ಬೆಳಕಿಗೆ ಹಿಡಿಯಿರಿ. ಗೀರು ಇದ್ದರೆ ಸೀಲ್ ಬದಲಿಸಿ, ಫಿಲ್ಟರ್ ಕೂಡ.